ಬಳ್ಳಿಯ ರಕ್ತಕ್ಕೆ ನನ್ನ ಪಕ್ಷ

ಪ್ರಿಯ ಪ್ರತಿವಾದಿಗೆ,

ಹೆಂಡತಿ ಎಂದು ಕರೆಯುವ ಹಕ್ಕು ಹೋದ ಮೇಲೆ ಏನೆಂದು ಕರೆಯಬೇಕೋ ತಿಳಿಯದೆ ಕಾಲೇಜಿನ ಚರ್ಚೆಗಳಲ್ಲಿ ಕರೆಯುತ್ತಿದ್ದ ಹೆಸರಿಗೇ ಮರಳಿದ್ದೇನೆ. ನಿನ್ನ ಸಂದೇಶ ಬಂತು. ಹೆರಿಗೆಯ ಹೊತ್ತಿಗೆ ತೆಗೆದಿಡಿಸಿದ ಮಗಳ ಹೊಕ್ಕುಳಬಳ್ಳಿಯ ರಕ್ತವನ್ನು ಇನ್ನು ಆ ರಕ್ತದ ಬ್ಯಾಂಕಿನಲ್ಲಿಡುವುದು ಬೇಡ, ಸಂಶೋಧನೆಗೆ ಕೊಟ್ಟುಬಿಡೋಣ, ಇಬ್ಬರ ಒಪ್ಪಿಗೆಯೂ ಬೇಕಂತೆ ಎಂದು ಬರೆದಿದ್ದೀಯ. ಗಂಡ ಹೆಂಡಿರದು ರಕ್ತಸಂಬಂಧವಲ್ಲ ಎನ್ನುತ್ತಾರೆ. ನಮ್ಮದು ನೋಡು, ಉಳಿದಿರುವುದು ಅದೊಂದೇ. ಅದೂ ದ್ರವ ಸಾರಜನಕದಲ್ಲಿ ಹಿಮಗಟ್ಟಿ ಕೂತಿದೆ. ನಮ್ಮ ಮನೆಯ ಕೊನೆಯ ವರ್ಷದ ಹವಾಮಾನಕ್ಕೆ ಹೋಲಿಸಿದರೆ ಅಲ್ಲಿ ಕೊಂಚ ಬೆಚ್ಚಗೇ ಇರಬಹುದು.

ಚರ್ಚಾಸ್ಪರ್ಧೆಗಳನ್ನು ಗೆದ್ದ ಪೊಗರಿನಲ್ಲಿ ನಾವು ಸಂಸಾರಕ್ಕೊಂದು ನಿಯಮ ಮಾಡಿಕೊಂಡಿದ್ದೆವಲ್ಲ: ಏನೇ ತೀರ್ಮಾನಿಸುವ ಮೊದಲು ನಾನು ನಿನ್ನ ಪರ ವಾದಿಸಬೇಕು, ನೀನು ನನ್ನ ಪರ. ಇನ್ನು ಜಗಳವೇ ಆಗುವುದಿಲ್ಲ ಎಂದು ಬೀಗಿದೆವು. ಬಾಡಿಗೆ ಮನೆಗೆ, ಸೋಫಾದ ಬಣ್ಣಕ್ಕೆ, ಎಲ್ಲಕ್ಕೂ ಅದೇ.

ನಿನಗೆ ಏಳು ತಿಂಗಳಾದಾಗ ಬ್ಯಾಂಕಿನವನು ನಗುವ ಶಿಶುಗಳ ಚಿತ್ರ ಹಿಡಿದು ಬಂದ. ನಿನಗೆ ಆಸೆ, ನನಗೆ ಅನುಮಾನ. ನಿಯಮದಂತೆ ನಾನು ಪರ ನಿಂತೆ: ರಕ್ತದ ಕೆಲವು ಕಾಯಿಲೆಗಳಿಗೆ ಇದರ ಜೀವಕೋಶಗಳೇ ಮದ್ದು, ಮುಂದೆ ಹುಟ್ಟುವ ತಮ್ಮನಿಗೋ ತಂಗಿಗೋ ಹೊಂದಿದರೂ ಹೊಂದೀತು, ಹೆರಿಗೆಯ ಗಳಿಗೆ ತಪ್ಪಿದರೆ ಮತ್ತೆ ಸಿಗದು. ನೀನು ವಿರೋಧ: ಹುಟ್ಟಿನಿಂದ ಬಂದ ದೋಷವಾದರೆ ಅದು ಈ ರಕ್ತದಲ್ಲೂ ಇರುತ್ತದೆ, ತನ್ನ ರಕ್ತ ತನಗೇ ಬೇಕಾಗುವುದು ತೀರಾ ಅಪರೂಪ, ಸಾರ್ವಜನಿಕ ಬ್ಯಾಂಕಿಗೆ ದಾನ ಕೊಟ್ಟರೆ ಯಾರದೋ ಮಗು ಬದುಕೀತು. ಎಷ್ಟು ಚೆನ್ನಾಗಿ ವಾದಿಸಿದೆವೆಂದರೆ ನನ್ನ ಮಾತಿಗೆ ನಾನೇ ಮರುಳಾದೆ, ನಿನ್ನ ಮಾತಿಗೆ ನೀನೇ. ಬೇಡವೆಂದಿದ್ದವನು ಉತ್ಸಾಹದಿಂದ ಒಪ್ಪಿದ, ಬೇಕೆಂದಿದ್ದವಳು ಅರೆಮನಸ್ಸಿನಿಂದ ತಲೆಯಾಡಿಸಿದಳು. ಹೆರಿಗೆ ಕೋಣೆಯಲ್ಲಿ ನರ್ಸ್ ತುಂಬಿದ ಚೀಲ ಎತ್ತಿ ತೋರಿಸಿದಾಗ ನೀನು ಮುಖ ತಿರುಗಿಸಿ, "ಪಾಪುಗೆ ಸೇರಿದ್ದು, ಪಾಪು ಮೈಗೇ ಹರಿಯಲು ಬಿಡಬಹುದಿತ್ತು" ಅಂದೆ.

ಬೇರೆಯಾಗುವ ಮಾತು ಬಂದಾಗಲೂ ನಿಯಮ ಮುರಿಯಲಿಲ್ಲ, ಮಹಾ ಶಿಸ್ತಿನವರು ನಾವು. ಅಡುಗೆಮನೆಯ ಮೇಜಿನ ಆಚೀಚೆ ಕೂತು, ನೀನು ಹೋಗುವುದೇ ಸರಿ ಎಂದು ನಾನು ವಾದಿಸಿದೆ. ನಾನು ಆಡಬೇಕಿದ್ದ 'ಇರು' ಎಂಬ ಮಾತನ್ನೂ ನೀನೇ ಆಡಿದೆ. ಎಲ್ಲ ಮುಗಿದ ಮೇಲೆ "ನೀನೇ ಗೆದ್ದೆ ಕಣೋ" ಎಂದು ನೀನು ಎದ್ದು ಹೊರಟೆ. ಬಹುಮಾನವಾಗಿ ಖಾಲಿ ಮನೆ ಸಿಕ್ಕಿತು. ಆ ಮೇಜಿಗೆ ಇಬ್ಬರು ವಕೀಲರು ಬಂದಿದ್ದರು, ಕಕ್ಷಿದಾರರು ಬಂದೇ ಇರಲಿಲ್ಲ.

ಈಗ ನಿನ್ನ ಪರ ವಾದಿಸುವುದು ಬಲು ಸುಲಭ. ಮಗಳು ಗಟ್ಟಿಮುಟ್ಟಾಗಿದ್ದಾಳೆ, ನಿನ್ನೆ ನನ್ನ ಕುರ್ಚಿಯ ಕಾಲು ಮುರಿದಳು. ತಮ್ಮ ತಂಗಿ ಬರುವ ದಾರಿಯನ್ನು ನಾವೇ ಮುಚ್ಚಿದ್ದೇವೆ. ಡಾಕ್ಟರೂ ಅಂದು ನೀನು ಹೇಳಿದ್ದನ್ನೇ ಹೇಳುತ್ತಾರೆ. ಆದರೆ ನಾನು ವಾದಿಸುವುದಿಲ್ಲ. ಮೊದಲ ಸಲ ನನ್ನ ಪಕ್ಷ ಹೇಳುತ್ತೇನೆ: ಕೊಡುವುದು ಬೇಡ. ಒಳ್ಳೆಯ ಕಾರಣವೇನೂ ಇಲ್ಲ. ಮಗಳ ಶಾಲೆ, ರಜೆ, ಚಪ್ಪಲಿ ಎಲ್ಲ ಹಂಚಿಕೊಂಡಾಗಿದೆ. ಇದೂ ಹೋದರೆ ನಾವಿಬ್ಬರೂ ಸೇರಿ ಇಟ್ಟುಕೊಂಡದ್ದು ಯಾವುದೂ ಉಳಿಯುವುದಿಲ್ಲ, ಅಷ್ಟೇ.

ನಿನ್ನದೇನು? ಈ ಸಲ ನನ್ನ ಪರವಾಗಿ ಯೋಚಿಸಬೇಡ ಮಹರಾಯ್ತಿ. ಫೋನ್ ಮಾಡಿ ನಿನ್ನ ಮಾತನ್ನು ನೀನು ಹೇಳು. ಆಗಲೂ 'ಕೊಟ್ಟುಬಿಡೋಣ' ಎಂದರೆ ಎದುರಾಡದೆ ಬಂದು ರುಜು ಹಾಕುತ್ತೇನೆ.

ಚೆನ್ನಾಗಿರು. ನಮ್ಮ ವಾದದ ವಿದ್ಯೆ ಮಗಳಿಗೆ ಹತ್ತದಿರಲಿ. ಬೇಕಾದ್ದನ್ನು ಬೇಕು ಎಂದು ಬಾಯಿಬಿಟ್ಟು ಕೇಳುವ ಬುದ್ಧಿ ಅವಳಿಗೆ ಬರಲಿ.

ಇಂತಿ,
ಗೆದ್ದು ಕೆಟ್ಟವನು