ಸೇನಾಪತಿಯ ಕೆಮ್ಮು

ಮಾರ್ಚ್ ೧೪, ಗುರುವಾರ

ಕಂಪ್ಯೂಟರಿನ ಆ ಯುದ್ಧದಾಟದ ಪ್ರತಿ ಭಾಗಕ್ಕೂ ನಾನು ಕಟ್ಟುವ ಮಾಡ್ (ಆಟಕ್ಕೆ ಅಭಿಮಾನಿಗಳು ಸೇರಿಸುವ ಹೊಸ ಪಾತ್ರ, ದನಿಗಳ ಕಂತೆ) ಬಗ್ಗೆ ಆಡುವವರದು ಒಂದೇ ದೂರು: "ಮುದಿ ಸೇನಾಪತಿ ಮಾತಾಡ್ತಾ ಕೆಮ್ತಾನೆ, ತೆಗೀರಿ." ಅದು ಅಪ್ಪನ ದನಿ. ಗಂಟಲಿನ ಆಪರೇಷನ್‌ಗೆ ಮೊದಲು, ದನಿ ಗುಂಯ್‌ಗುಡದಿರಲೆಂದು ಅವರನ್ನು ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ ನಿಲ್ಲಿಸಿ, ಹೇಳಿಸಿ ರೆಕಾರ್ಡ್ ಮಾಡಿದ್ದೆ. ಈಗ ಅವರಿಗೆ ದನಿಯೇ ಇಲ್ಲ.

ಕಾಟ ತಾಳಲಾರದೆ ಇವತ್ತು ಕೆಮ್ಮನ್ನು ಕತ್ತರಿಸಿ, ಮಾಡ್ ಹಂಚುವ ತಾಣದಲ್ಲಿ ಎಲ್ಲ ಭಾಗಗಳ ಹಳೆಯದನ್ನು ಅಳಿಸಿ ಹೊಸದನ್ನು ಏರಿಸಿದೆ. ಆಟ ಹಚ್ಚಿದೆ. "ಕೋಟೆ ಬಿಡ್ಬೇಡ್ರೋ!" ಎಂದ ಸೇನಾಪತಿ. ಬಾಗಿಲಲ್ಲಿದ್ದ ಅಪ್ಪ ಸ್ವಲ್ಪ ಕಾದು, ಗಂಟಲು ಮುಟ್ಟಿ ಕೈ ತಿರುವಿದರು.

"ಕೆಮ್ಮೆಲ್ಲಿ ಹೋಯ್ತು ಅಂತಿದಾರೆ ಕಣೇ," ಎಂದಳು ಅಮ್ಮ.

ವಾಪಸ್ ಹಾಕೋಣವೆಂದರೆ, ಬುದ್ಧಿಗೇಡಿ ನಾನು, ಮೂಲ ರೆಕಾರ್ಡಿಂಗ್‌ನ ಮೇಲೆಯೇ ಸೇವ್ ಮಾಡಿಬಿಟ್ಟಿದ್ದೇನೆ. ಇನ್ನು ದೂರಿದವರ ಕಾಲನ್ನೇ ಹಿಡಿಯಬೇಕು: ನಿಮ್ಮ ಕಂಪ್ಯೂಟರಿನಲ್ಲಿ ಹಳೆಯ ಮಾಡ್ ಇನ್ನೂ ಅಳಿಸಿರದಿದ್ದರೆ, ನಮ್ಮಪ್ಪನ ಕೆಮ್ಮನ್ನು ದಯವಿಟ್ಟು ವಾಪಸ್ ಕಳಿಸಿ.