ತೊಟ್ಟಿಯ ಆಚೆ ಇಟ್ಟ ತಟ್ಟೆ

೨೮ ಆಗಸ್ಟ್ ೨೦೦೦, ಸೋಮವಾರ

ಬರೆಯಬೇಕಂತೆ. ಕೈಗೆ ವ್ಯಾಯಾಮ. ತುಮಕೂರಿನ ಡಾಕ್ಟರ್ ಹೇಳಿದ, ಮಗಳು ಅಂಬ್ರೀನ್ ಡೈರಿ ತಂದು ಮುಂದಿಟ್ಟಳು. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಒಡೆದು ಎದ್ದು ಬಂದವನು ನಾನು. ಆಮೇಲೆ ಬರೆದದ್ದೆಲ್ಲ ಸೀಮೆಸುಣ್ಣದಲ್ಲಿ, ತೊಲೆಗಳ ಮೇಲೆ. ಉರ್ದು ಓದುತ್ತೇನೆ, ಬರೆಯಲು ಬಾರದು. ಕನ್ನಡವೇ ಗತಿ. ಇದನ್ನು ಯಾರು ಓದಬೇಕು? ರಬ್ಬರ್ ಚೆಂಡು ಹಿಸುಕು ಅಂದಿದ್ದರೆ ಹಿಸುಕುತ್ತಿದ್ದೆ.

ಆಯಿತು, ಬರೆದೆ. ನಯಾಜ್ ಅಹಮದ್. ಹಳೇ ಮರದ ಮಂಡಿ, ಗುಬ್ಬಿ. ಹಳೇ ಮನೆ ಕೆಡವಿ ಕಂಬ, ಬಾಗಿಲು ಮಾರುವ ಕಸುಬು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಎರಡು ತಿಂಗಳು. ಈಗ ಮಾರ್ಕೋನಹಳ್ಳಿ ಹಿನ್ನೀರಿನ ದಂಡೆ. ಕಂಟ್ರಾಕ್ಟರ್ ಲಕ್ಷ್ಮೀಕಾಂತ್ ರಿಪೇರಿ ಮಾಡಿಸಿ ಗೆಸ್ಟ್‌ಗಳಿಗೆ ಬಿಟ್ಟಿರುವ ತೊಟ್ಟಿಮನೆ. ಗಾಳಿ ಒಳ್ಳೆಯದಂತೆ. ಗಾಳಿ ಗುಬ್ಬಿಯಲ್ಲೂ ಇದೆ. ಸೊಸೆ ಬಾನುಗೆ ನಾನು ಮನೆಯಿಂದ ಆಚೆ ಹೋಗಬೇಕಿತ್ತು, ಅಷ್ಟೇ.

ಕೈ ನೋಯುತ್ತಿದೆ. ಸಾಕು.

೩೦ ಆಗಸ್ಟ್

ಅಂಬ್ರೀನ್ ಗಾಲಿ ಕುರ್ಚಿ ತಳ್ಳಿಕೊಂಡು ಹೋದಾಗ ಗೇಟಿನ ಹತ್ತಿರ ಬೋರ್ಡು ನೋಡಿದೆ. ಇನ್ನೂರು ವರ್ಷದ ಮನೆ. ನಗು ಬಂತು. ಬಾಯಿಯ ಒಂದು ಕಡೆಯಿಂದ ಮಾತ್ರ ಬಂತು.

ಲಕ್ಷ್ಮೀಕಾಂತ್ ಕೊಂಡಾಗ ಇಲ್ಲಿ ಇದ್ದದ್ದು ಕಲ್ಲಿನ ತಳಪಾಯ ಮತ್ತು ಗೆದ್ದಲು. ಕಂಬಗಳೆಲ್ಲ ನನ್ನ ಮಂಡಿಯವು. ಹಾಗಲವಾಡಿಯ ಒಂದು ಮನೆ ಕೆಡವಿ ತಂದದ್ದು. ಎರಡು ಕಂಬ ಕಮ್ಮಿ ಬಿದ್ದವು. ಹೊಸ ಹಲಸಿನ ಮರ ಕಡೆಸಿ, ಒಂದು ಮಳೆಗಾಲ ತಿಪ್ಪೆಯಲ್ಲಿ ಹೂತಿಟ್ಟು, ಸುಣ್ಣದ ನೀರು ಕುಡಿಸಿ, ದೀಪದ ಮಸಿ ಉಜ್ಜಿ ಮುದಿ ಮಾಡಿದೆವು. ಉಜ್ಜಿದವನು ನವೀದ್. ಆಗ ನನ್ನ ಆಳು. ಈಗ ಈ ಮನೆ ನೋಡಿಕೊಳ್ಳುತ್ತಾನೆ.

ಬೆಂಗಳೂರಿನ ಹೆಂಗಸೊಬ್ಬಳು ಆ ಹೊಸ ಕಂಬಕ್ಕೇ ಕೆನ್ನೆ ಒತ್ತಿ ನಿಂತಳು. “ಇದು ಎಷ್ಟು ವರ್ಷದ್ದು?” ಅಂದಳು. ನವೀದ್ ಕಂಬದ ಮೇಲೆ ಅಂಗೈ ಇಟ್ಟು ಸುಮ್ಮನಿದ್ದ. ನಾನು ಕಲಿಸಿದ್ದು. ವಯಸ್ಸು ಕೇಳಿದರೆ ಸುಳ್ಳು ಹೇಳಬಾರದು. ಅಂಗೈ ಇಡಬೇಕು, ಬಾಯಿ ಮುಚ್ಚಬೇಕು. ಗಿರಾಕಿ ತನಗೆ ಬೇಕಾದ ಸುಳ್ಳನ್ನು ತಾನೇ ಹೇಳಿಕೊಳ್ಳುತ್ತಾನೆ.

೨ ಸೆಪ್ಟೆಂಬರ್, ಬೆಳಿಗ್ಗೆ

ಕಾಲು ಬಂತು.

ಅಂಬ್ರೀನ್ ಸ್ನಾನಕ್ಕೆ ಹೋಗಿದ್ದಳು. ಎದ್ದು ನಿಂತೆ. ಬಾಗಿಲ ತನಕ ಹೋಗಿ ಬಂದೆ. ಬೀಳಲಿಲ್ಲ. ವಾಪಸ್ ಬಂದು ಮಲಗಿದೆ.

ಹೇಳುವುದಿಲ್ಲ. ಯಾಕೆ ಹೇಳಬೇಕು? ಕಾಲು ಸರಿಹೋದರೆ ತುಮಕೂರಿನ ಸ್ಕೂಲಿಗೆ ಪಾಠ ಹೇಳಲು ವಾಪಸ್ ಹೋಗುತ್ತಾಳೆ. ಅಲ್ಲಿ ಯಾರೋ ಒಬ್ಬ ಮದುವೆಗೆ ಕೇಳುತ್ತಾನೆ. ಮೂವತ್ತು ದಾಟಿದೆ ಅವಳಿಗೆ. ಬಂದ ಸಂಬಂಧಗಳನ್ನೆಲ್ಲ ನಾನೇ ಓಡಿಸಿದೆ. ಒಬ್ಬನ ಹಲ್ಲು ಸರಿ ಇರಲಿಲ್ಲ. ಒಬ್ಬನ ತಾಯಿ ಸರಿ ಇರಲಿಲ್ಲ. ಒಬ್ಬ ಯಾರದೋ ಸ್ಕೂಟರಿನಲ್ಲಿ ಬಂದಿದ್ದ. ಇವಳ ತಾಯಿ ಸತ್ತು ಹೋದಳು. ನನ್ನನ್ನು ಯಾರು ನೋಡಬೇಕು, ಬಾನುವಾ? ಕೋಳಿಗೆ ಇಟ್ಟ ಹಾಗೆ ನೀರು ಇಡುತ್ತಾಳೆ ಅವಳು.

ಸ್ನಾನ ಮುಗಿಸಿ ಬಂದು ಕಾಲು ಒತ್ತಿದಳು. “ಅಬ್ಬಾ, ಏನಾದ್ರೂ ಗೊತ್ತಾಗುತ್ತಾ? ಸ್ವಲ್ಪನಾದ್ರೂ?”

ತೊಡೆಯ ಮೇಲೆ ಅಂಗೈ ಇಟ್ಟು ಸುಮ್ಮನಿದ್ದೆ.

ಅತ್ತಳು. ಒತ್ತಿದಳು.

೫ ಸೆಪ್ಟೆಂಬರ್

ಅಡುಗೆಯ ಓಬಳಮ್ಮ ಕೆರೆಮೀನಿನ ಸಾರು ಮಾಡಿದ್ದಳು. ಉಪ್ಪು ಕಮ್ಮಿ ಅಂದೆ.

“ಬಾಯಿ ನೆಟ್ಟಗೈತಲ್ಲ ಸಾಬ್ರೆ. ತಿನ್ನಕ್ಕೂ ನೆಟ್ಟಗೈತೆ, ಬಯ್ಯಕ್ಕೂ ನೆಟ್ಟಗೈತೆ. ಕಾಲಿಗೊಂದೇ ಏನ್ ಬಂತೋ.”

“ಉಪ್ಪು ತಾ.”

“ಡಾಕ್ಟ್ರು ಬ್ಯಾಡ ಅಂದವ್ರೆ. ಮಗಳ ಮ್ಯಾಲೆ ರೇಗಾಡ್ಕಂಡು ತಿನ್ನಿ, ರುಚಿ ಬತ್ತದೆ.”

ಊಟ ಮಾಡುವಾಗ ಹಿತ್ತಲಿನಿಂದ ಅಂಬ್ರೀನ್ ನಗುವುದು ಕೇಳಿತು. ನೀರಿಗಿಳಿಯುವ ಮೆಟ್ಟಿಲ ಹತ್ತಿರ. ಜೊತೆಯಲ್ಲಿ ನವೀದನ ದನಿ. ಅವಳು ನಕ್ಕಿದ್ದು ಕೇಳಿ ವರ್ಷಗಳಾಗಿವೆ... ಕೂಗಿದೆ. ನೀರು ಬೇಕು ಅಂದೆ. ಓಡಿ ಬಂದು ಕೊಟ್ಟಳು. ಕುಡಿಯಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡೆ.

೯ ಸೆಪ್ಟೆಂಬರ್, ಬೆಳಿಗ್ಗೆ ೭

ಅಂಬ್ರೀನ್ ಏಳುವ ಮೊದಲು ನೀರಿನ ತನಕ ನಡೆಯುವುದು ಅಭ್ಯಾಸವಾಗಿತ್ತು. ಕೋಲಿಲ್ಲದೆ. ಇವತ್ತು ಕೆಳಗಿನ ಮೆಟ್ಟಿಲಿನಲ್ಲಿ ನವೀದ್ ಕೂತು ಎಣ್ಣೆ ಹಚ್ಚುವ ಬ್ರಶ್ ತೊಳೆಯುತ್ತಿದ್ದ. ನೋಡಿಬಿಟ್ಟ.

ಕೂಗಲಿಲ್ಲ. ಬ್ರಶ್ ಒದರಿದ. “ಹೊಸ ಮರಕ್ಕೆ ಮುದಿತನ ಹಚ್ಚೋದು ನೀವೇ ಕಲಿಸಿದ್ದು ಸಾಹೇಬ್ರೆ. ಕಾಲಿಗೂ ಹಚ್ಚಬೋದು ಅಂತ ಗೊತ್ತಿರ್ಲಿಲ್ಲ.”

“ಬಾಯಿ ಮುಚ್ಚು.”

“ಮುಚ್ತೀನಿ. ನಾನು ಅವಳಿಗೆ ಹೇಳಲ್ಲ. ನೀವೇ ಹೇಳಿ. ಇನ್ನೊಂದು ಮಾತು. ಅಂಬ್ರೀನ್‌ನ ಕೇಳಿದೀನಿ. ಒಪ್ಕೊಂಡಿದಾಳೆ. ಆದ್ರೆ ನಿಕಾಹ್‌ನಲ್ಲಿ ಅಬ್ಬಾನೇ ಕೂತು ಒಪ್ಪಿಗೆ ಕೊಡ್ಬೇಕು, ಅಣ್ಣ ಕೊಟ್ರೆ ಬೇಡ ಅಂತಾಳೆ. ನಿಮ್ಮ ಕಾಲು ಬರ್ಲಿ ಅಂತ ಕಾಯ್ತಿದಾಳೆ.”

“ನನ್ನ ಮಂಡಿ ಗುಡಿಸಿದವನು ನೀನು.”

“ಹೂಂ. ನೀವು ಕಸ ಹಾಕೋರು, ನಾನು ಗುಡಿಸೋನು. ಇಬ್ರೂ ಅಲ್ಲೇ ಇದ್ವಲ್ಲ.”

ಅವಳಿಗೆ ಹೇಳುವುದಿಲ್ಲವಂತೆ. ನನಗೆ ಸಮಯ ಕೊಟ್ಟ. ಅದು ಅವನ ತಪ್ಪು.

೧೨ ಸೆಪ್ಟೆಂಬರ್

ಲಕ್ಷ್ಮೀಕಾಂತ್ ಹೊಸ ಗೆಸ್ಟ್‌ಗಳನ್ನು ಕರೆದುಕೊಂಡು ಬಂದ. ಪಕ್ಕಕ್ಕೆ ಕರೆದೆ. ನವೀದನನ್ನು ಇವತ್ತೇ ಕಳಿಸು ಅಂದೆ.

“ಏನ್ ಸಾಹೇಬ್ರೆ, ಅವ್ನಿಲ್ದಿದ್ರೆ ಒಂದು ಬಲ್ಬ್ ಹತ್ತಲ್ಲ ಇಲ್ಲಿ.”

“ಆ ಎರಡು ಕಂಬದ ಕಥೆ ಈ ಜನಕ್ಕೆ ಹೇಳಲಾ? ಈಗಲೇ ಹೇಳ್ತೀನಿ. ಬಾಯಿ ನೆಟ್ಟಗಿದೆ.”

ಮುಖ ಬಿಳುಚಿತು. “ನಿಮ್ಮ ಮಂಡಿ ಹೆಸ್ರೂ ಹೋಗುತ್ತೆ, ಯೋಚ್ನೆ ಮಾಡಿ.”

“ನಯಾಜ್ ಹೊಸದನ್ನ ಹಳೇದು ಮಾಡ್ತಾನೆ ಅಂತ ಗೊತ್ತಾದರೆ ಗಿರಾಕಿ ಕ್ಯೂ ನಿಲ್ತಾರೆ. ನಿನ್ನ ಬೋರ್ಡಿನ ಗತಿ ನೋಡ್ಕೋ.”

ಹೆದರುಪುಕ್ಕಲ. ಸಂಜೆಯೊಳಗೆ ನವೀದನ ಟ್ರಂಕು ಗೇಟಿನ ಆಚೆ. ಮುಂಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದವನನ್ನು ಅರ್ಧಕ್ಕೆ ಎಬ್ಬಿಸಿದರು. ಕೈ ತೊಳೆಯಲೂ ಬಿಡಲಿಲ್ಲ. ಬಾಗಿಲು ಅರ್ಧ ಕಪ್ಪು, ಅರ್ಧ ಬೂದು. ನೋಡಲು ಚೆನ್ನಾಗಿದೆ.

ಅಂಬ್ರೀನ್ ಕೇಳಿದಳು, ಯಾಕೆ ಹೋದ ಅಂತ. ನನಗೇನು ಗೊತ್ತು ಅಂದೆ. ರಾತ್ರಿ ಊಟ ಮಾಡಿಸಿದಳು. ತುತ್ತು ಸಣ್ಣದಾಗಿತ್ತು.

೧೬ ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆ ಔಷಧಿ ತರುತ್ತೇನೆ ಅಂತ ಕುಣಿಗಲ್‌ಗೆ ಹೋದಳು. ಬರುವಾಗ ಔಷಧಿ ಇರಲಿಲ್ಲ. ಅವನನ್ನು ನೋಡಿ ಬಂದಿದ್ದಾಳೆ. ಮಾತು ಕೊಟ್ಟವನು ಬಾಯಿ ಬಿಟ್ಟಿದ್ದಾನೆ. ಬಿಡುತ್ತಾನೆ ಮತ್ತೆ, ಕೆಲಸ ಕಳೆದುಕೊಂಡವನು.

“ಅಬ್ಬಾ, ಬೆಳಿಗ್ಗೆ ಹೊತ್ತು ಮೆಟ್ಟಿಲಿಳಿದು ನೀರಿಗೆ ಹೋಗ್ತೀರಂತೆ.”

ತೊಡೆಯ ಮೇಲೆ ಅಂಗೈ ಇಟ್ಟೆ. ಸುಮ್ಮನಿದ್ದೆ.

ಕೈಯನ್ನೇ ನೋಡಿದಳು. “ಆ ವಿದ್ಯೆ ನವೀದ್ ನನಗೂ ಹೇಳಿದಾನೆ.”

ಅಳಲಿಲ್ಲ. ನನ್ನ ಊಟದ ತಟ್ಟೆ ಎತ್ತಿಕೊಂಡು ತೊಟ್ಟಿಯ ಆಚೆ ಜಗಲಿಯಲ್ಲಿ ಇಟ್ಟಳು. ಗಾಲಿ ಕುರ್ಚಿಯನ್ನೂ ಅಲ್ಲಿಗೇ ತಳ್ಳಿದಳು. “ಊಟ ಅಲ್ಲಿದೆ” ಅಂದಳು. ಅಷ್ಟೇ. ಆಮೇಲೆ ಮಾತಿಲ್ಲ.

೧೭ ಸೆಪ್ಟೆಂಬರ್

ಹೋಗಲಿಲ್ಲ. ಸಾರಿನ ಮೇಲೆ ಕೆನೆ ಕಟ್ಟಿತು. ಇರುವೆ ಬಂತು. ಅವಳು ತಟ್ಟೆ ತೊಳೆದು ಹೊಸ ಊಟ ಹಾಕಿ ಅಲ್ಲೇ ಇಟ್ಟಳು.

ಓಬಳಮ್ಮನಿಗೆ ತಡೆಯಲಿಲ್ಲ. “ಕಾಲಿಲ್ದೋರಿಗೆ ಹಿಂಗ್ ಮಾಡ್ತಾರಾ ಮಗಾ?”

“ಕಾಲಿದೆ ಓಬಳಮ್ಮ. ಬೇರೆ ಏನೋ ಇಲ್ಲ.”

ಗೆಸ್ಟೊಬ್ಬಳು ಪಾಪ ಅಂತ ತಟ್ಟೆ ಎತ್ತಲು ಹೋದಳು. ಅಂಬ್ರೀನ್ ನಗುತ್ತಾ ತಡೆದಳು. “ಬೇಡಿ ಮೇಡಂ. ಅದು ಅವರ ಎಕ್ಸರ್‌ಸೈಜು.”

ಮಧ್ಯಾಹ್ನ ಬಟ್ಟೆಯಲ್ಲೇ ಆಯಿತು. ಬಚ್ಚಲು ಕೈಗೆಟುಕುವಷ್ಟು ಹತ್ತಿರ. ಏಳಲಿಲ್ಲ. ನೋಡಲಿ ಅಂತಲೇ. ನೋಡಿದಳು. ಬಕೆಟ್ಟಿನಲ್ಲಿ ನೀರು, ಒಗೆದ ಲುಂಗಿ ತಂದು ಪಕ್ಕದಲ್ಲಿಟ್ಟಳು. ಮುಟ್ಟಲಿಲ್ಲ. ಮೂಗು ಕೂಡ ಮುಚ್ಚಿಕೊಳ್ಳಲಿಲ್ಲ.

ನನ್ನ ಮಗಳೇ. ಈ ಹಟ ಎಲ್ಲಿಂದ ಬಂತು ಅಂತ ಯಾರನ್ನೂ ಕೇಳಬೇಕಿಲ್ಲ.

ಓಬಳಮ್ಮ ಸೆರಗಿನಲ್ಲಿ ಎರಡು ಬಾಳೆಹಣ್ಣು ತಂದು ಕೊಟ್ಟಳು. ತಿಂದೆ. ಸಿಪ್ಪೆ ಅವಳ ಕೈಗೇ ಕೊಟ್ಟೆ.

೧೮ ಸೆಪ್ಟೆಂಬರ್

ಫೋನು ನನ್ನ ಮಂಚದ ಪಕ್ಕದಲ್ಲೇ ಇದೆ. ಅದನ್ನು ದೂರ ಇಡಲು ಮರೆತಿದ್ದಾಳೆ.

ತುಮಕೂರು, ಕುಣಿಗಲ್ ಮಂಡಿಯವರಿಗೆಲ್ಲ ಮಾಡಿ, ನವೀದನಿಗೆ ಕೆಲಸ ಕೊಡಬೇಡಿ ಅಂದೆ. ಕ್ಯಾತ್ಸಂದ್ರದ ವೆಂಕಟಯ್ಯ ಆಗಲೇ ಕೆಲಸ ಕೊಟ್ಟುಬಿಟ್ಟಿದ್ದ.

“ಒಳ್ಳೆ ಕೈ ಐತಲ್ಲ ಸಾಹೇಬ್ರೆ ಹುಡುಗಂದು. ಯಾಕೆ?”

“ಕಳ್ಳ ಕೈ.”

“ನಿಮ್ಮತ್ರ ಅಷ್ಟ್ ವರ್ಷ ಇದ್ನಲ್ಲ...”

“ಅದಕ್ಕೇ ಗೊತ್ತು.”

ಅವನು ಒಂದು ಮೊಳೆ ಕದ್ದವನಲ್ಲ. ವೆಂಕಟಯ್ಯ ನನ್ನ ಮಾತು ನಂಬಿದ. ಮೂವತ್ತು ವರ್ಷದ ವ್ಯಾಪಾರ. ನಂಬಬೇಕು.

೧೯ ಸೆಪ್ಟೆಂಬರ್, ಮಂಗಳವಾರ, ಮಧ್ಯಾಹ್ನ

ಅಂಬ್ರೀನ್, ಬರಿ ಬರಿ ಅಂದೆಯಲ್ಲ. ಈಗ ಓದು. ನೀನು ಮಾತಾಡದಿದ್ದರೆ ಬೇರೆ ದಾರಿ ಇಲ್ಲ.

ವೆಂಕಟಯ್ಯ ನಿನ್ನೆ ಸಂಜೆ ಅವನನ್ನು ಕಳಿಸಿಬಿಟ್ಟ. ಕಳ್ಳ ಅಂತ ಹೇಳಿಯೇ ಕಳಿಸಿದ. ಹೇಳಿಸಿದವನು ನಾನು. ನೀನು ಅವನನ್ನು ಬಿಟ್ಟೆ ಅಂದರೆ ಫೋನು ಎತ್ತುತ್ತೇನೆ, ತಪ್ಪು ತಿಳಿದಿದ್ದೆ ಅನ್ನುತ್ತೇನೆ. ನಾಳೆಯೇ ಕೆಲಸ. ಲಕ್ಷ್ಮೀಕಾಂತನೂ ವಾಪಸ್ ಕರೆಯುತ್ತಾನೆ. ಅರ್ಧ ಬಾಗಿಲು ಹಾಗೇ ಇದೆ.

ಬಿಡುವುದಿಲ್ಲ ಅಂದರೆ ಹೋಗು. ಗೇಟು ತೆಗೆದೇ ಇದೆ. ಆದರೆ ಗುಬ್ಬಿಯಿಂದ ಕುಣಿಗಲ್ ತನಕ ಒಬ್ಬನೂ ಅವನ ಕೈಗೆ ಉಳಿ ಕೊಡುವುದಿಲ್ಲ. ನಿಕಾಹ್‌ಗೆ ನಾನು ಬರುವುದಿಲ್ಲ. ಕಾಲು ಇದ್ದರೂ ಬರುವುದಿಲ್ಲ.

ಅವನ ಅನ್ನ ಈಗ ನಿನ್ನ ನಾಲಿಗೆಯ ಮೇಲಿದೆ.

ನೀನು ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದೀಯ. ಸದ್ದು ಕೇಳುತ್ತಿದೆ. ಬಂದ ಮೇಲೆ ಈ ಪುಸ್ತಕ ತೊಟ್ಟಿಯ ಆಚೆ, ತಟ್ಟೆಯ ಪಕ್ಕದಲ್ಲಿ ಸಿಗುತ್ತದೆ. ಅಲ್ಲಿಗೆ ಹೇಗೆ ಬಂತು ಅಂತ ಕೇಳಬೇಡ. ತಟ್ಟೆ ಖಾಲಿ ಮಾಡಿದ್ದೇನೆ. ಉಪ್ಪು ಕಮ್ಮಿ.

ಗುರುವಾರ, ಇಪ್ಪತ್ತೊಂದನೇ ತಾರೀಕು, ಮಧ್ಯಾಹ್ನದೊಳಗೆ ಉತ್ತರ ಬೇಕು. ಅವನೋ, ನಾನೋ —