ನೀಲಿ ಬೆಳಕಿನ ಬುಡ್ಡಿಗಳು

ಕೊಪ್ಪಳ
ತಾ. ೧೧ ಮಾರ್ಚ್ ೧೯೪೭

ಚಿರಂಜೀವಿ ಅಳಿಯ ಅಂದಪ್ಪನಿಗೆ, ನಿಜಾಮರ ಇಡೀ ಸೀಮೆಯಲ್ಲಿ ರೇಡಿಯೊ ವಿದ್ಯೆಯನ್ನು ಪೂರ್ತಿ ಬಲ್ಲ ಒಬ್ಬನೇ ಮನುಷ್ಯನಾದ ನಿನ್ನ ಸೋದರಮಾವ ಕೊಟ್ರಬಸಪ್ಪ ಮಾಡುವ ಆಶೀರ್ವಾದ. ಮುಂಬಯಿಯ ನೀರು ಒಗ್ಗಿತೇ? ಕೆಮ್ಮು ನಿಂತಿತೇ? ನಿಲ್ಲದಿದ್ದರೆ ಅಜವಾನ ಜಗಿ. ಇಲ್ಲಿ ನಿನ್ನ ಅವ್ವ ಆರಾಮ. ನಿನ್ನ ಅತ್ತಿ ಕಳಕಮ್ಮ ದಿನವೂ ನನ್ನನ್ನು ಬಯ್ಯುವಷ್ಟು ಆರಾಮ.

ಹಡಗಿನ ವೈರ್‌ಲೆಸ್ಸಿಗೆ ಹಾಕುವ ದೊಡ್ಡ ವಾಲ್ವುಗಳನ್ನು ಒಂದು ಪೆಟ್ಟಿಗೆ ಒದಗಿಸಿದರೆ ನೀನು ನೌಕರಿ ಮಾಡುವ ರೇಡಿಯೊ ಅಂಗಡಿಯ ಸಾಹುಕಾರರು ಅದರಲ್ಲಿ ಪಾಲು ಕೊಡುತ್ತಾರೆಂದು ನೀನು ಬರೆದದ್ದೇ ತಡ, ನಾನು ಸಿಕಂದರಾಬಾದಿಗೆ ಹೋಗಿ ಮಿಲಿಟರಿ ಹರಾಜಿನಲ್ಲಿ ಎರಡು ಪೆಟ್ಟಿಗೆ ಹಿಡಿದೆ. ಒಂದೊಂದೂ ಸೋರೆಕಾಯಿಯಷ್ಟು ದಪ್ಪನೆಯ ಗಾಜಿನ ಬುಡ್ಡಿ. ಬೆಲೆ ಕೇಳಬೇಡ, ನನಗದು ಎಲೆ ಅಡಿಕೆಯ ಖರ್ಚು.

ಹರಾಜಿನ ಮಾಲು, ಸತ್ತದ್ದು ಯಾವುದು, ಬದುಕಿದ್ದು ಯಾವುದು ನೋಡಬೇಕಲ್ಲ? ಮನೆಯಲ್ಲೇ ಕಾರಖಾನೆ ಇಟ್ಟೆ. ನಿನ್ನ ಅತ್ತಿಯ ರೊಟ್ಟಿ ಬಡಿಯುವ ಹಲಗೆಗೆ ತಾಮ್ರದ ಪಟ್ಟಿ ಹೊಡೆದು ಬುಡ್ಡಿ ನಿಲ್ಲಿಸಿದೆ. ಒಳಗಿನ ತಂತಿ ಕಾಯಿಸಲು ಲಾರಿಯ ಬ್ಯಾಟರಿ. ಆ ತಂತಿಯ ಸುತ್ತಲಿನ ತಗಡಿಗೆ ಜೋರು ಕರೆಂಟು ಬೇಕು. ಅದನ್ನು ಹಿತ್ತಲ ಗೋಡೆಯಾಚೆಯ ಹತ್ತಿ ಬಿಡಿಸುವ ಜಿನ್ನಿನ ಡೈನಮೋದಿಂದ ಎಳೆದು, ಕರೆಂಟು ಹರಿದದ್ದು ತಿಳಿಯಲೆಂದು ನಡುವೆ ಒಂದು ದೀಪ ಕಟ್ಟಿದೆ. ಜಿನ್ನಿನ ಕಾವಲುಗಾರ ಹನುಮಣ್ಣ, "ಗೌಡ್ರ, ಸತ್ರ ನನ್ನ ಹೆಸರ ಹೇಳಬ್ಯಾಡ್ರಿ" ಅಂದ. "ಸತ್ತಾವ ಏನ ಹೇಳ್ತಾನಲೇ" ಅಂದೆ.

ಕೆಲವು ಬುಡ್ಡಿಗಳಲ್ಲಿ ತಂತಿ ಕೆಂಪಗಾಯಿತು, ಅಷ್ಟೇ. ಇನ್ನು ಕೆಲವುಗಳಲ್ಲಿ, ಆಹಾ, ನವಿಲಿನ ಕುತ್ತಿಗೆಯಂಥ ನೀಲಿ ತುಂಬಿಕೊಂಡಿತು; ದೀಪವೂ ಪ್ರಖರವಾಗಿ ಉರಿಯಿತು. ಹಲಗೆ ಕಸಿಯಲು ಬಂದ ನಿನ್ನ ಅತ್ತಿ, "ಸ್ಟೋವಿನ್ಯಾಗ ನೀಲಿ ಉರಿ ಬಂದ್ರ ಛಲೋ, ಕೆಂಪ ಬಂದ್ರ ಬರೇ ಮಸಿ. ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?" ಅಂದಳು. ನಾನೂ ಅದನ್ನೇ ಯೋಚಿಸಿದ್ದೆ, ಅವಳು ಮೊದಲು ಬಾಯಿಬಿಟ್ಟಳು.

ನೀಲಿಯವನ್ನೆಲ್ಲ ಹತ್ತಿಯಲ್ಲಿ ಸುತ್ತಿ, ನಿನ್ನೆ ಸಾಹುಕಾರರ ಹೆಸರಿಗೇ ಪಾರ್ಸಲ್ ಮಾಡಿದ್ದೇನೆ. ಕೆಂಪಿನವನ್ನು, ಒಡಕು ಗಾಜಿಗೆ ಪುಠಾಣಿ ಕಡಲೆ ಕೊಡುವ ಶಾಹಜಾದಬಿಗೆ ಹಾಕಿದೆ. "ಒಳಗ ಬರೇ ಗಾಳಿ ತುಂಬೈತಿ, ತೂಕ ಎಲ್ಲೈತ್ರಿ ಅಣ್ಣಾರ?" ಎಂದು ಚೌಕಾಸಿ ಮಾಡಿದಳು. ಆದರೂ ಓಣಿಯೆಲ್ಲ ತಿನ್ನುವಷ್ಟು ಪುಠಾಣಿ ಬಂತು. ಇನ್ನು ನೀನು ಅಂಗಡಿಯ ಪಾಲುದಾರ. ಗಾದಿಯ ಮೇಲೆ ನೆಟ್ಟಗೆ ಕೂಡುವುದನ್ನು ಕಲಿ. ಗವಿಸಿದ್ಧಪ್ಪಜ್ಜ ನಿನ್ನನ್ನು ಕಾಯಲಿ.

ನಿನ್ನ ಮಾವ
ಕೊಟ್ರಬಸಪ್ಪ

ತಾ.ಕ.: ಲಕೋಟೆ ಅಂಟಿಸುವಾಗಲೇ ನಿನ್ನ ಕಾಗದ ಬಂತು. "ಮಾವಾ, ವಾಲ್ವಿನೊಳಗೆ ಗಾಳಿಯೇ ಇರಬಾರದು; ನೀಲಿ ಬೆಳಕು ತುಂಬಿದರೆ ಒಳಗೆ ಗಾಳಿ ಹೊಕ್ಕು ಅದು ಕೆಟ್ಟಿದೆ ಎಂದರ್ಥ. ಅವನ್ನು ತಿಪ್ಪೆಗೆ ಎಸೆದು ಉಳಿದವನ್ನು ಕಳಿಸಿರಿ" ಎಂದು ಬರೆದಿದ್ದೀಯ. ಉಳಿದವನ್ನು ನಾವು ತಿಂದಾಯಿತು. ಓಡಿಹೋಗಿ ಕೇಳಿದೆ, ಶಾಹಜಾದಬಿ ಆಗಲೇ ಒಡೆದು ಚೀಲಕ್ಕೆ ತುಂಬಿದ್ದಳು. ಪಾರ್ಸಲ್ ಗೂಡ್ಸ್ ಗಾಡಿಯಲ್ಲಿದೆ, ಈ ಕಾಗದ ಮೊದಲು ಮುಟ್ಟುತ್ತದೆ. ರಸೀದಿ ಇದರೊಳಗಿದೆ. ಸಾಹುಕಾರರು ಬಿಚ್ಚುವ ಮೊದಲೇ ಬಿಡಿಸಿಕೊಂಡು ಸಮುದ್ರಕ್ಕೆ ಹಾಕು. ಪಾಲು ಹೋದರೂ ನೌಕರಿಯಾದರೂ ಉಳಿಯಲಿ. ನನ್ನ ಚಿಂತೆ ಬೇಡ. ಹೋದದ್ದು ನಲವತ್ತು ರೂಪಾಯಿ ಎಂದು ನಿನ್ನ ಅತ್ತಿಗೆ ಹೇಳಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ: ಮುನ್ನೂರ ಹನ್ನೆರಡು. ಅದೂ ನಮ್ಮ ನಿಜಾಮರ ಅಗ್ಗದ ಹಾಲಿ ರೂಪಾಯಿ ಅಲ್ಲ, ಇಂಗ್ಲಿಷರ ಕಲದಾರ.